ಹಳೇ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ: ಡಬ್ಬದ ಮೇಲಿನ ವೇಗ ನೋಡಿ ಕೊಳ್ಳಬೇಡಿ

ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕ್ ಬದಲು ಚಿಪ್‌ನಲ್ಲೇ ಡೇಟಾ ಇಡುವ ಡ್ರೈವ್) ಹಾಕಿಸಬೇಕು ಅಂದ ತಕ್ಷಣ ಎಲ್ಲರೂ ಕೇಳುವುದು "ಯಾವ ಕಂಪನಿದು ಚೆನ್ನಾಗಿದೆ?" ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ನೋಡಬೇಕಾದ್ದು ನಿಮ್ಮ ಲ್ಯಾಪ್‌ಟಾಪ್ ಒಳಗೆ ಎಂಥ ಜಾಗ ಇದೆ, ಅದರಲ್ಲಿ ನೀವು ಮಾಡುವ ಕೆಲಸ ಎಂಥದ್ದು ಅಂತ. ಇವೆರಡು ಗೊತ್ತಿದ್ದರೆ ಅಂಗಡಿಯಲ್ಲಿ ಅರ್ಧ ಗಂಟೆಯ ಕೆಲಸ, ದುಡ್ಡೂ ಉಳಿಯುತ್ತದೆ.

ನಾನು ಕೋಲಾರದಲ್ಲಿ ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ. ಗೊಬ್ಬರದ ಅಂಗಡಿ, ಹಾರ್ಡ್‌ವೇರ್ ಅಂಗಡಿ, ಎಪಿಎಂಸಿಯಲ್ಲಿ ಒಂದಷ್ಟು ಟೊಮೆಟೊ ಮಂಡಿ. ಎಲ್ಲರದ್ದೂ ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ನಲ್ಲೇ. ಲ್ಯಾಪ್‌ಟಾಪ್ 2018ರದ್ದು: ಇಂಟೆಲ್ 8ನೇ ತಲೆಮಾರಿನ ಐ5, 8 ಜಿಬಿ ರ್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ, ಎರಡೂ ಜಿಎಸ್‌ಟಿ ರಿಟರ್ನ್‌ಗಳು. ಆ ತಾರೀಕುಗಳು ಹತ್ತಿರ ಬಂದಾಗಲೇ ಈ ಮೆಷಿನ್ ಮಲಗಿಬಿಡುತ್ತಿತ್ತು. ಟ್ಯಾಲಿ, ಎಕ್ಸೆಲ್, ಕ್ರೋಮ್ ಮೂರೂ ತೆರೆದಿದ್ದರೆ ಒಂದರಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಪೋರ್ಟಲ್ ಲಾಗೌಟ್ ಆಗಿರುತ್ತಿತ್ತು.

ಹೊಸ ಲ್ಯಾಪ್‌ಟಾಪ್ ತಗೋ ಅಂತ ಹೇಳಿದವರೇ ಜಾಸ್ತಿ. ಆದರೆ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ವಿಷಯ ಸ್ಪಷ್ಟವಾಗಿತ್ತು. ಪ್ರೊಸೆಸರ್ 15 ಪರ್ಸೆಂಟ್ ಕೂಡ ದಾಟಿಲ್ಲ, ರ್ಯಾಮ್‌ನಲ್ಲಿ ಇನ್ನೂ ಜಾಗ ಇದೆ, ಡಿಸ್ಕ್ ಮಾತ್ರ 100ರಲ್ಲಿ ಕೆಂಪಗೆ ನಿಂತಿದೆ. ನಿಮ್ಮದರಲ್ಲೂ ಹೀಗೇ ಕಂಡರೆ ಎಸ್‌ಎಸ್‌ಡಿಯಿಂದ ಖಂಡಿತ ಉಪಯೋಗ ಆಗುತ್ತದೆ. ರ್ಯಾಮ್ 90 ದಾಟಿ ನಿಂತಿದ್ದರೆ, ಅದರಲ್ಲೂ 4 ಜಿಬಿ ಮಾತ್ರ ಇದ್ದರೆ, ಮೊದಲು ರ್ಯಾಮ್ ಕಡೆ ನೋಡಿ.

ಇಲ್ಲಿ ಕೆಲಸದ ಮಾತು ಬರುತ್ತದೆ. ಲ್ಯಾಪ್‌ಟಾಪ್‌ಗಳ ಹಾರ್ಡ್‌ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ. ಒಂದು ದೊಡ್ಡ ಸಿನಿಮಾ ಫೈಲ್ ಕಾಪಿ ಮಾಡಿದರೆ ಸೆಕೆಂಡಿಗೆ 100 ಎಂಬಿ ಆಸುಪಾಸು ಕೊಡುತ್ತದೆ, ಅದೇನೂ ಅಷ್ಟು ಕೆಟ್ಟದ್ದಲ್ಲ. ಆದರೆ ಟ್ಯಾಲಿಯ ಡೇಟಾ ಫೋಲ್ಡರ್ ತೆರೆದು ನೋಡಿ, 10000, 10001 ಅಂತ ನಂಬರಿನ ಫೋಲ್ಡರುಗಳು, ಒಂದೊಂದರ ಒಳಗೂ ರಾಶಿ ಸಣ್ಣ ಸಣ್ಣ ಫೈಲು. ವಿಂಡೋಸ್ ಶುರುವಾಗುವಾಗಲೂ ಅಷ್ಟೇ, ಸಾವಿರಾರು ಚೂರುಗಳನ್ನು ಬೇರೆ ಬೇರೆ ಜಾಗದಿಂದ ಓದಬೇಕು. ಪ್ರತಿ ಚೂರಿಗೂ ಹಾರ್ಡ್‌ಡಿಸ್ಕ್‌ನ ಮುಳ್ಳು ಅಲ್ಲಿಂದಿಲ್ಲಿಗೆ ಓಡಬೇಕು, ಹಾಗಾಗಿ ಆ 100 ಎಂಬಿ ವೇಗ ಒಂದು ಎಂಬಿಗಿಂತಲೂ ಕೆಳಗೆ ಬಂದುಬಿಡುತ್ತದೆ. ಎಸ್‌ಎಸ್‌ಡಿಯಲ್ಲಿ ಓಡಾಡುವ ಭಾಗವೇ ಇಲ್ಲ. ಸಾಧಾರಣ ಸಾಟಾ (ಹಾರ್ಡ್‌ಡಿಸ್ಕ್ ಬಳಸುವ ಹಳೇ ಬಗೆಯ ಕನೆಕ್ಷನ್) ಎಸ್‌ಎಸ್‌ಡಿ ಕೂಡ ಇಂಥ ಸಣ್ಣ ಓದುಗಳನ್ನು ಹತ್ತಾರು ಪಟ್ಟು ಬೇಗ ಮುಗಿಸುತ್ತದೆ.

ಅಂದರೆ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದಿರುವ 3,500, 5,000, 7,000 ಎಂಬಿ ಎಲ್ಲ ದೊಡ್ಡ ಫೈಲ್ ಒಂದೇ ಸಮನೆ ಓದುವಾಗಿನ ವೇಗ. ದಿನಾ 4ಕೆ ವಿಡಿಯೋ ಎಡಿಟ್ ಮಾಡುವವರಿಗೆ ಅದು ಬೇಕು. ನನ್ನಂಥ ಲೆಕ್ಕದವರಿಗೆ, ಓದುವ ಮಕ್ಕಳಿಗೆ, ಆಫೀಸಿನ ಕೆಲಸಕ್ಕೆ ಹಾರ್ಡ್‌ಡಿಸ್ಕ್ ಬಿಟ್ಟು ಯಾವುದೇ ಒಳ್ಳೇ ಎಸ್‌ಎಸ್‌ಡಿಗೆ ಬಂದರೂ ದೊಡ್ಡ ವ್ಯತ್ಯಾಸ ಅಲ್ಲೇ ಸಿಕ್ಕಿಬಿಡುತ್ತದೆ. ಅದಕ್ಕಿಂತ ಮೇಲಿನ ವ್ಯತ್ಯಾಸ ಕೈಗೆ ಗೊತ್ತಾಗುವುದು ಕಡಿಮೆ.

ಇನ್ನು ಜಾಗದ ವಿಷಯ. ಹಾರ್ಡ್‌ಡಿಸ್ಕ್ ಇರುವ ಕಡೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಕೂರುತ್ತದೆ, ಅದರ ಮಿತಿ ಸೆಕೆಂಡಿಗೆ ಸುಮಾರು 550 ಎಂಬಿ. ಇನ್ನೊಂದು ಚೂಯಿಂಗ್ ಗಮ್ ಪಟ್ಟಿಯಂತೆ ಇರುವ ಎಂ.2. ಗೊಂದಲ ಇರುವುದು ಇಲ್ಲೇ. ಎಂ.2 ಅನ್ನುವುದು ಆಕಾರ ಮಾತ್ರ, ಅದರಲ್ಲಿ ಸಾಟಾ ಕೂಡ ಬರುತ್ತದೆ, ಅದಕ್ಕಿಂತ ವೇಗದ ಬಗೆಯಾದ ಎನ್‌ವಿಎಂಇ ಕೂಡ ಬರುತ್ತದೆ. ಕೆಲವು ಹಳೇ ಲ್ಯಾಪ್‌ಟಾಪ್‌ಗಳ ಎಂ.2 ಸ್ಲಾಟ್ ಸಾಟಾ ಮಾತ್ರ ಒಪ್ಪುತ್ತದೆ. ಅದಕ್ಕೆ ಎನ್‌ವಿಎಂಇ ತಂದರೆ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ತೆರೆಯುವ ಸೆಟ್ಟಿಂಗ್ ಪರದೆ) ಡ್ರೈವ್ ಕಾಣಿಸುವುದೇ ಇಲ್ಲ. ಉದ್ದವನ್ನೂ ನೋಡಿಕೊಳ್ಳಿ: 2280 ಅಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಜಾಸ್ತಿ ಕಡೆ ಇದೇ, ಕೆಲವದರಲ್ಲಿ 2242 ಮಾತ್ರ ಹಿಡಿಯುತ್ತದೆ.

ಇದನ್ನೆಲ್ಲ ಊಹೆ ಮಾಡಬೇಡಿ, ಅಂಗಡಿಯವರನ್ನೂ ಕೇಳಬೇಡಿ. ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ಸೈಟಿನಲ್ಲಿ ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್ ಸಾಮಾನ್ಯವಾಗಿ ಸಿಗುತ್ತದೆ, ಡೌನ್‌ಲೋಡ್ ಮಾಡಿಕೊಂಡು ಸ್ಟೋರೇಜ್ ಅನ್ನುವ ಪುಟ ಓದಿ. ನನ್ನದರಲ್ಲಿ ಒಂದು ಖಾಲಿ ಎಂ.2 ಸ್ಲಾಟ್ ಇತ್ತು, ಎನ್‌ವಿಎಂಇ ಹಿಡಿಯುತ್ತದೆ, ಆದರೆ ಅದರ ಡೇಟಾ ಓಡಾಡುವ ದಾರಿ ಪಿಸಿಐಇ 3ನೇ ತಲೆಮಾರು, ಅದರಲ್ಲೂ ಎರಡೇ ಲೇನ್. ಒಂದು ಲೇನ್‌ಗೆ ಸೆಕೆಂಡಿಗೆ ಸುಮಾರು 985 ಎಂಬಿ. ಎರಡು ಸೇರಿದರೂ 2,000 ಮುಟ್ಟುವುದಿಲ್ಲ.

ಡೂಂ ಲೈಟ್ ಸರ್ಕಲ್ ಕಡೆ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆ. ಹುಡುಗ ಮೊದಲು ತೆಗೆದಿಟ್ಟಿದ್ದೇ ದೊಡ್ಡ ಹೀಟ್‌ಸಿಂಕ್ (ಬಿಸಿ ಇಳಿಸುವ ಲೋಹದ ಪಟ್ಟಿ) ಅಂಟಿಸಿದ್ದ ಒಂದು ಡ್ರೈವ್.

"ಸಾರ್, ಇದು 7,000 ಎಂಬಿ ಸಾರ್. ಸುಮ್ನೆ ಕಣ್ಣು ಮುಚ್ಕೊಂಡು ತಗೊಳ್ಳಿ."

"ನಂದ್ರಲ್ಲಿ ಎರಡೇ ಲೇನ್ ಇರೋದಪ್ಪ, 2,000 ದಾಟಲ್ಲ. ಈ ಹೀಟ್‌ಸಿಂಕ್ ಇದ್ರೆ ಕೆಳಗಿನ ಮುಚ್ಚಳನೂ ಮುಚ್ಚಲ್ಲ. ಟಿಎಲ್‌ಸಿದು, 5 ವರ್ಷ ವಾರಂಟಿ ಇರೋದು ಕೊಡು ಸಾಕು."

ಟಿಎಲ್‌ಸಿ ಅಂತ ಯಾಕೆ ಕೇಳಿದೆ ಅಂದರೆ, ಮೆಮೊರಿಯ ಒಂದೊಂದು ಕೋಶದಲ್ಲಿ ಟಿಎಲ್‌ಸಿ ಮೂರು ಬಿಟ್ ಇಡುತ್ತದೆ, ಕ್ಯುಎಲ್‌ಸಿ ನಾಲ್ಕು ಬಿಟ್ ತುರುಕುತ್ತದೆ. ಕ್ಯುಎಲ್‌ಸಿ ಅಗ್ಗ. ಆದರೆ ಒಂದೇ ಸಲಕ್ಕೆ ಜಾಸ್ತಿ ಡೇಟಾ ಬರೆದು ಕ್ಯಾಶ್ (ಬೇಗ ಬರೆಯುವ ತಾತ್ಕಾಲಿಕ ಜಾಗ) ತುಂಬಿದ ಮೇಲೆ ಅದರ ವೇಗ ಎಷ್ಟೋ ಸಲ ಹಾರ್ಡ್‌ಡಿಸ್ಕ್ ಮಟ್ಟಕ್ಕೆ ಇಳಿಯುತ್ತದೆ, ಬಾಳಿಕೆಯೂ ಕಡಿಮೆ. ಇನ್ನೊಂದು ಡಿರ್ಯಾಮ್, ಅಂದರೆ ಯಾವ ಡೇಟಾ ಎಲ್ಲಿದೆ ಅನ್ನುವ ಪಟ್ಟಿ ಇಡಲು ಎಸ್‌ಎಸ್‌ಡಿಯಲ್ಲೇ ಇರುವ ಪುಟ್ಟ ಮೆಮೊರಿ. ಸಾಟಾ ತಗೊಳ್ಳುವವರು ಡಿರ್ಯಾಮ್ ಇರುವುದನ್ನೇ ನೋಡಿ, ಉದಾಹರಣೆಗೆ ಸ್ಯಾಮ್‌ಸಂಗ್ 870 ಇವೊ. ಎನ್‌ವಿಎಂಇಯಲ್ಲಿ ಡಿರ್ಯಾಮ್ ಇಲ್ಲದಿದ್ದರೂ ನಡೆಯುತ್ತದೆ, ಯಾಕೆಂದರೆ ಅದು ಲ್ಯಾಪ್‌ಟಾಪ್‌ನ ರ್ಯಾಮ್‌ನಿಂದಲೇ ಸ್ವಲ್ಪ ಜಾಗ ಎರವಲು ಪಡೆಯುತ್ತದೆ. ಸಾಟಾಗೆ ಆ ಸೌಲಭ್ಯ ಇಲ್ಲ.

ಕೊನೆಗೆ ತಗೊಂಡಿದ್ದು ಡಬ್ಲ್ಯುಡಿ ಬ್ಲೂ ಎಸ್‌ಎನ್580, 500 ಜಿಬಿ. ಟಿಎಲ್‌ಸಿ, ಒಂದೇ ಬದಿಯಲ್ಲಿ ಚಿಪ್ ಇರುವುದರಿಂದ ತೆಳು, 5 ವರ್ಷ ವಾರಂಟಿ. ಅದು ಪಿಸಿಐಇ 4ನೇ ತಲೆಮಾರಿನದ್ದು, ಆದರೂ 3ರ ಸ್ಲಾಟ್‌ನಲ್ಲಿ 3ರ ವೇಗಕ್ಕೆ ಇಳಿದು ಆರಾಮಾಗಿ ಕೆಲಸ ಮಾಡುತ್ತದೆ. ಬಾಳಿಕೆ 300 ಟಿಬಿಡಬ್ಲ್ಯು ಅಂತ ಕೊಟ್ಟಿದ್ದಾರೆ. ಅಂದರೆ 5 ವರ್ಷ ಅಥವಾ 300 ಟಿಬಿ ಬರೆಯುವುದು, ಯಾವುದು ಮೊದಲೋ ಅಲ್ಲಿ ತನಕ ವಾರಂಟಿ. ದಿನಕ್ಕೆ 20 ಜಿಬಿ ಬರೆದರೂ 15,000 ದಿನ ಆಗುತ್ತದೆ, ಲ್ಯಾಪ್‌ಟಾಪ್ ಅಷ್ಟು ದಿನ ಎಲ್ಲಿ ಉಳಿಯುತ್ತದೆ! ಎಸ್‌ಎಸ್‌ಡಿ ಬೇಗ ಸವೆದುಹೋಗುತ್ತೆ ಅಂತ ಹೆದರುವವರು ಈ ಲೆಕ್ಕ ಒಮ್ಮೆ ಹಾಕಿ ನೋಡಲಿ. ಅಂದಹಾಗೆ 500 ಜಿಬಿ ಹಾಕಿದರೆ ವಿಂಡೋಸ್ 465 ಅಂತ ತೋರಿಸುತ್ತದೆ, ಎಣಿಸುವ ರೀತಿ ಬೇರೆ ಅಷ್ಟೇ, ಮೋಸ ಏನಿಲ್ಲ. ಆನ್‌ಲೈನ್‌ನಲ್ಲಿ ಹೆಸರೇ ಕೇಳದ ಕಂಪನಿಯ 2 ಟಿಬಿ ಪುಡಿಗಾಸಿಗೆ ಸಿಗುತ್ತದಲ್ವಾ, ಅಲ್ಲಿ ಮಾತ್ರ ನಿಜಕ್ಕೂ ಮೋಸ ಇರುತ್ತದೆ.

ಸ್ಕ್ರೂ ಬಿಚ್ಚುವ ಮುಂಚೆ ಮಾಡಬೇಕಾದ ಕೆಲಸ ನಮ್ಮ ವೃತ್ತಿಯವರಿಗೆ ತುಂಬಾ ಮುಖ್ಯ. ಹಳೆಯದನ್ನು ಹಾಗೇ ಕ್ಲೋನ್ ಮಾಡುವ ಬದಲು ನಾನು ವಿಂಡೋಸ್ 11 ಹೊಸದಾಗಿ ಹಾಕಿದೆ. ಹಾಗಾಗಿ ಮೊದಲು ಟ್ಯಾಲಿ ಲೈಸೆನ್ಸ್ ಸರೆಂಡರ್ ಮಾಡಿದೆ, ಅದು ಆ ಕಂಪ್ಯೂಟರಿಗೆ ಅಂಟಿಕೊಂಡಿರುತ್ತದೆ, ಬಿಡಿಸದೆ ಫಾರ್ಮ್ಯಾಟ್ ಮಾಡಿದರೆ ಮತ್ತೆ ಆಕ್ಟಿವೇಟ್ ಮಾಡಲು ಒದ್ದಾಡಬೇಕು. ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್‌ನ ಡ್ರೈವರ್, ಆ ಸಹಿ ಹಾಕುವ ಎಂಸೈನರ್ ಸಾಫ್ಟ್‌ವೇರ್, ನುಡಿ ಫಾಂಟುಗಳು ಎಲ್ಲ ಒಂದು ಪೆನ್‌ಡ್ರೈವ್‌ಗೆ. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದೆಯಾ ನೋಡಿ, ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ. ವಿಂಡೋಸ್ ಲೈಸೆನ್ಸ್‌ಗೆ ಚಿಂತೆ ಬೇಡ, ಲ್ಯಾಪ್‌ಟಾಪ್ ಜೊತೆ ಬಂದದ್ದು ಮದರ್‌ಬೋರ್ಡ್‌ಗೆ ಸೇರಿರುತ್ತದೆ, ಇಂಟರ್ನೆಟ್ ಸಿಕ್ಕ ತಕ್ಷಣ ತಾನೇ ಆಕ್ಟಿವೇಟ್ ಆಗುತ್ತದೆ.

ಕೂರಿಸುವುದು ಸುಲಭ. ಕೆಳಗಿನ ಸ್ಕ್ರೂಗಳು ಬೇರೆ ಬೇರೆ ಉದ್ದ ಇರುತ್ತವೆ, ಒಂದು ಹಾಳೆಯ ಮೇಲೆ ಲ್ಯಾಪ್‌ಟಾಪ್ ಚಿತ್ರ ಗೀಚಿ ಎಲ್ಲಿದ್ದದ್ದನ್ನು ಅಲ್ಲೇ ಇಟ್ಟೆ. ಹಳೇ ಎಟಿಎಂ ಕಾರ್ಡ್ ಅಂಚಿಗೆ ತೂರಿಸಿ ಸುತ್ತಲೂ ಮೆಲ್ಲಗೆ ಎಳೆದರೆ ಕ್ಲಿಪ್‌ಗಳು ಟಕ್ ಟಕ್ ಅಂತ ಬಿಡುತ್ತವೆ. ತೆರೆದ ಕೂಡಲೇ ಬ್ಯಾಟರಿಯ ಕನೆಕ್ಟರ್ ಕಿತ್ತಿಡಿ. ಎಸ್‌ಎಸ್‌ಡಿಯನ್ನು ಓರೆಯಾಗಿ ತೂರಿಸಿ, ಒತ್ತಿ ಮಲಗಿಸಿ, ತುದಿಗೆ ಒಂದು ಪುಟ್ಟ ಸ್ಕ್ರೂ ಹಾಕಬೇಕು. ಸ್ಲಾಟ್ ಖಾಲಿ ಬಂದಿರುವ ಲ್ಯಾಪ್‌ಟಾಪ್‌ನಲ್ಲಿ ಆ ಸ್ಕ್ರೂ ಎಷ್ಟೋ ಸಲ ಇರುವುದೇ ಇಲ್ಲ, ಎಸ್‌ಎಸ್‌ಡಿ ಡಬ್ಬದಲ್ಲೂ ಬರುವುದಿಲ್ಲ. ಪಕ್ಕದ ಮೊಬೈಲ್ ರಿಪೇರಿಯವರು ಡಬ್ಬಿಯಲ್ಲಿ ಹುಡುಕಿ ಒಂದು ಕೊಟ್ಟರು. ವಿಂಡೋಸ್ ಹಾಕುವಾಗ ಹಳೇ ಹಾರ್ಡ್‌ಡಿಸ್ಕ್‌ನ ಕೇಬಲ್ ತೆಗೆದಿಟ್ಟಿದ್ದೆ. ಇಲ್ಲದಿದ್ದರೆ ಬೂಟ್ ಫೈಲುಗಳು ಒಮ್ಮೊಮ್ಮೆ ಅದರಲ್ಲೇ ಹೋಗಿ ಕೂರುತ್ತವೆ.

ಈಗ ಬಟನ್ ಒತ್ತಿ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಪಾಸ್‌ವರ್ಡ್ ಕೇಳುತ್ತದೆ. ವರ್ಷದ ಲೆಡ್ಜರ್ ತೆರೆಯಲು ಕಾಯಬೇಕಿಲ್ಲ. ಹಳೇ ಹಾರ್ಡ್‌ಡಿಸ್ಕ್ ಲ್ಯಾಪ್‌ಟಾಪ್ ಒಳಗೇ ಇದೆ, ದಿನಾ ಸಂಜೆ ಟ್ಯಾಲಿ ಬ್ಯಾಕಪ್ ಅದಕ್ಕೆ ಹೋಗುತ್ತದೆ, ವಾರಕ್ಕೊಮ್ಮೆ ಹೊರಗಿನ ಡಿಸ್ಕ್‌ಗೂ ಹೋಗುತ್ತದೆ. ಇದನ್ನು ನಾನು ತುಂಬಾ ಒತ್ತಿ ಹೇಳುತ್ತೇನೆ. ಹಾರ್ಡ್‌ಡಿಸ್ಕ್ ಕೆಡುವ ಮುಂಚೆ ಎಷ್ಟೋ ಸಲ ಕಿರ್ ಕಿರ್ ಅಂತ ಸದ್ದು ಮಾಡಿ ಎಚ್ಚರಿಸುತ್ತದೆ. ಎಸ್‌ಎಸ್‌ಡಿ ನಿನ್ನೆ ಚೆನ್ನಾಗಿದ್ದು ಇವತ್ತು ಕಾಣಿಸದೇ ಹೋಗಬಹುದು. ಅಳಿಸಿದ ಫೈಲ್‌ಗಳನ್ನು ಅದರಿಂದ ವಾಪಸ್ ತೆಗೆಯುವುದೂ ಬಹಳ ಕಷ್ಟ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಅನ್ನು ನೇರ ಕರೆಂಟಿನಲ್ಲಿ ಓಡಿಸುವವರು ಎಸ್‌ಎಸ್‌ಡಿಗಿಂತ ಮೊದಲು ಬ್ಯಾಟರಿ ಬದಲಿಸಿ, ಬರೆಯುವ ಹೊತ್ತಿಗೇ ಕರೆಂಟ್ ಹೋದರೆ ಡೇಟಾ ಕೆಡಬಹುದು.

ನನ್ನದು ನೋಡಿ ಮಂಡಿಯ ಗುಮಾಸ್ತರೊಬ್ಬರು ತಮ್ಮ ಲ್ಯಾಪ್‌ಟಾಪ್ ತಂದಿದ್ದರು. "ಅಣ್ಣ, ನಂದೂ ಹಿಂಗೇ ಮಾಡ್ಕೊಡಿ." ಅದರ ಪ್ರೊಸೆಸರ್ 6ನೇ ತಲೆಮಾರಿನದ್ದು, ಎಂ.2 ಇಲ್ಲವೇ ಇಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಇಂಥ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಅದಕ್ಕೆ ದುಬಾರಿ ಡ್ರೈವ್ ಬೇಡ ಅಂದೆ. ಡಿರ್ಯಾಮ್ ಇರುವ 250 ಜಿಬಿಯ ಸಾಟಾ ಒಂದನ್ನು ಹಾರ್ಡ್‌ಡಿಸ್ಕ್ ಜಾಗಕ್ಕೆ ಹಾಕಿದೆವು, ಅದರ ಹಾರ್ಡ್‌ಡಿಸ್ಕ್ ಒಂದು ಕ್ಯಾಡಿಯಲ್ಲಿ (ಡಿವಿಡಿ ಡ್ರೈವ್ ಆಕಾರದ ಚೌಕಟ್ಟು) ಕೂತು ಡಿವಿಡಿ ಡ್ರೈವ್ ಇದ್ದ ಕಡೆ ಹೋಯಿತು. ಕ್ಯಾಡಿ 9.5 ಮತ್ತು 12.7 ಮಿ.ಮೀ. ಅಂತ ಎರಡು ದಪ್ಪದಲ್ಲಿ ಬರುತ್ತದೆ, ಡಿವಿಡಿ ಡ್ರೈವ್ ಹೊರಗೆ ತೆಗೆದು ಅಳೆದೇ ಕೊಳ್ಳಿ. ಮುಂದೆ ಅವರು ಹೊಸ ಲ್ಯಾಪ್‌ಟಾಪ್ ತಗೊಂಡರೆ ಆ ಎಸ್‌ಎಸ್‌ಡಿಯನ್ನು ಯುಎಸ್‌ಬಿ ಕೇಬಲ್ ಹಾಕಿ ಹೊರಗಿನ ಡ್ರೈವ್ ಆಗಿ ಬಳಸಬಹುದು.