ಮನೆಮನೆಯ ಗರಿ, ಇಗರ್ಜಿಯ ಬೂದಿ: ನನ್ನ ಅನುಭವ

ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನಲ್ಲಿ, ಕರ್ನಾಟಕದ ಗಡಿಗೆ ತೀರ ಹತ್ತಿರವಿರುವ ಒಂದು ಸಣ್ಣ ಕಥೋಲಿಕ ಧರ್ಮಕೇಂದ್ರ ನಮ್ಮದು. ರಾಜ್ಯ ಕೇರಳವಾದರೂ ನಮ್ಮ ಇಗರ್ಜಿ, ಅಂದರೆ ಚರ್ಚು, ಸೇರಿರುವುದು ಮಂಗಳೂರು ಧರ್ಮಪ್ರಾಂತ್ಯಕ್ಕೆ. ಮನೆಯಲ್ಲಿ ಕೊಂಕಣಿ, ತೋಟದಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಸರಕಾರಿ ಕಚೇರಿಯಲ್ಲಿ ಮಲಯಾಳ ಎಂಬುದು ಇಲ್ಲಿ ಹೆಚ್ಚಿನವರ ದಿನಚರಿ. ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಅಧ್ಯಾಪಿಕೆಯಾಗಿದ್ದು ನಿವೃತ್ತಳಾದ ಮೇಲೆ ನಾನು ನಮ್ಮ ವಾಡೆಯ, ಅಂದರೆ ಧರ್ಮಕೇಂದ್ರದ ಒಂದು ವಿಭಾಗದ, ಮೂವತ್ತನಾಲ್ಕು ಮನೆಗಳಿಗೆ ಗುರ್ಕಾರ್ನ್ (ಗುರಿಕಾರಳು, ಮುಖಂಡಳು) ಆದೆ. 2025ರಲ್ಲಿ ಈಸ್ಟರಿಗೆ ಮುಂಚಿನ ಪ್ರಾಯಶ್ಚಿತ್ತದ ದಿನಗಳಾದ ತಪಸ್ಸು ಕಾಲವನ್ನು ನಾವೆಲ್ಲರೂ ಜೊತೆಯಾಗಿ ಆರಂಭಿಸಲು ಮಾಡಿದ ಪ್ರಯತ್ನವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಕೊಂಕಣಿಯಲ್ಲಿ ನಾವು ಈ ಕಾಲವನ್ನು ಕರೆಜ್ಮ್ ಎನ್ನುತ್ತೇವೆ; ಪೋರ್ಚುಗೀಸರಿಂದ ಬಂದ ಈ ಪದದ ಮೂಲದಲ್ಲಿಯೇ ನಲವತ್ತು ಎಂಬ ಅರ್ಥವಿದೆ. ಅದರ ಮೊದಲ ದಿನವಾದ ಬೂದಿ ಬುಧವಾರದಿಂದ ಪಾಸ್ಖ (ಈಸ್ಟರ್) ಹಬ್ಬದ ಹಿಂದಿನ ದಿನದವರೆಗೆ ಲೆಕ್ಕ ಹಾಕಿದರೆ 46 ದಿನಗಳಾಗುತ್ತವೆ, ಆದಿತ್ಯವಾರಗಳು ಪ್ರಭುವಿನ ಪುನರುತ್ಥಾನದ ದಿನಗಳಾದ್ದರಿಂದ ಆ ಆರನ್ನು ಕಳೆದರೆ ಉಳಿಯುವುದು ನಲವತ್ತು. ನಾನು ಬಾಲ್ಯದಿಂದಲೂ ಕಂಡ ಆರಂಭ ಹೀಗಿತ್ತು: ಬುಧವಾರ ಬೆಳಗ್ಗೆ ಇಗರ್ಜಿಗೆ ಹೋಗಿ, ಸಾಲಿನಲ್ಲಿ ನಿಂತು, ಹಣೆಗೆ ಬೂದಿ ಹಚ್ಚಿಸಿಕೊಂಡು ಮನೆಗೆ ಬರುವುದು, ಯಾರು ಏನನ್ನು ಬಿಡಬೇಕೆಂದು ಅವರವರೇ ಮನಸ್ಸಿನಲ್ಲಿ ನಿಶ್ಚಯಿಸಿಕೊಳ್ಳುವುದು. ಆ ವೈಯಕ್ತಿಕ ನಿಶ್ಚಯವನ್ನು ನಾನು ಸಣ್ಣದೆನ್ನುವುದಿಲ್ಲ. ಆದರೆ ಪಕ್ಕದ ಬೆಂಚಿನಲ್ಲಿ ಕುಳಿತವರಿಗೂ ನಮಗೂ ನಡುವೆ ಏನೂ ಹುಟ್ಟದೆ ಆ ದಿನ ಮುಗಿದುಹೋಗುತ್ತಿತ್ತು. ತಪಸ್ಸು ಕಾಲದ ಪ್ರಾಯಶ್ಚಿತ್ತವು ಅಂತರಂಗದ್ದೂ ವೈಯಕ್ತಿಕವಾದದ್ದೂ ಮಾತ್ರ ಆಗಿರದೆ ಬಹಿರಂಗವೂ ಸಾಮಾಜಿಕವೂ ಆಗಿರಬೇಕೆಂದು ಕಥೋಲಿಕ ಧರ್ಮಾಧ್ಯಕ್ಷರ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಪೂಜಾವಿಧಿಯ ಕುರಿತಾದ ತನ್ನ ದಾಖಲೆಯಲ್ಲಿ ಸ್ಪಷ್ಟವಾಗಿ ಹೇಳಿದೆ. ನಮ್ಮ ಧರ್ಮಗುರುಗಳು ಜನವರಿಯ ಪಾಲನಾ ಮಂಡಳಿಯ ಸಭೆಯಲ್ಲಿ ಆ ಮಾತನ್ನು ಓದಿ, ಇದನ್ನು ನಮ್ಮ ಊರಿನಲ್ಲಿ ಹೇಗೆ ಮಾಡಬಹುದೆಂದು ಕೇಳಿದಾಗ, ಬೂದಿಯಿಂದಲೇ ಆರಂಭಿಸೋಣ ಎಂದು ನಾನು ಹೇಳಿದೆ.

ಬೂದಿ ಬುಧವಾರದ ಬೂದಿಯನ್ನು ಹಿಂದಿನ ವರ್ಷದ ಗರಿಗಳ ಆದಿತ್ಯವಾರದಂದು, ಅಂದರೆ ಪಾಸ್ಖದ ಹಿಂದಿನ ಆದಿತ್ಯವಾರದಂದು, ಆಶೀರ್ವದಿಸಿದ ಗರಿಗಳನ್ನು ಸುಟ್ಟು ಮಾಡುವುದು ಕ್ರಮ. ನಮ್ಮಲ್ಲಿ ಆ ಗರಿಯೆಂದರೆ ತೆಂಗಿನ ತಿರಿ, ಅಂದರೆ ಇನ್ನೂ ಬಿಚ್ಚಿಕೊಳ್ಳದ ಎಳೆಯ ಮಡಲಿನ ಹಳದಿ ಎಲೆ. ಜನರು ಅದನ್ನು ಶಿಲುಬೆಯಾಕಾರದಲ್ಲಿ ಹೆಣೆದು ಮನೆಯ ಪ್ರಾರ್ಥನಾ ಪೀಠದ ಹಿಂದೆ, ಬಾಗಿಲಿನ ಮೇಲೆ, ಹಸುವಿನ ಹಟ್ಟಿಯ ಮಾಡಿನಲ್ಲಿ ಸಿಕ್ಕಿಸಿಡುತ್ತಾರೆ. ನನ್ನ ತಾಯಿ ಸಿಡಿಲು ಬಡಿಯುವ ರಾತ್ರಿಗಳಲ್ಲಿ ಅದರ ತುಂಡೊಂದನ್ನು ಮುರಿದು ಕೆಂಡಕ್ಕೆ ಹಾಕಿ ಪ್ರಾರ್ಥಿಸುತ್ತಿದ್ದುದು ನನಗೆ ಇಂದಿಗೂ ನೆನಪಿದೆ. ಆದರೆ ಇತ್ತೀಚಿನ ವರ್ಷಗಳಲ್ಲಿ ಇಗರ್ಜಿಯಲ್ಲಿ ಉಳಿದ ನಾಲ್ಕಾರು ಗರಿಗಳನ್ನಷ್ಟೇ ಸುಡುತ್ತಿದ್ದೆವು. ಮನೆಗಳ ಗರಿಗಳು ಮನೆಗಳಲ್ಲೇ ಒಣಗಿ ಹುಡಿಯಾಗುತ್ತಿದ್ದವು. ಎಲ್ಲ ಮನೆಗಳ ಗರಿಯೂ ಒಂದೇ ಬಾಣಲೆಗೆ ಬೀಳಬೇಕು, ಆಗ ನನ್ನ ಹಣೆಯ ಮೇಲಿನ ಬೂದಿಯಲ್ಲಿ ನೆರೆಮನೆಯದೂ ಇರುತ್ತದೆ ಎಂಬುದು ನನ್ನ ಮನಸ್ಸಿನಲ್ಲಿದ್ದ ವಿಚಾರ.

2025ರ ಬೂದಿ ಬುಧವಾರ ಮಾರ್ಚ್ 5ಕ್ಕೆ ಬಿದ್ದಿತ್ತು. ಅದಕ್ಕೆ ಹಿಂದಿನ ವಾರ ನಾನು ಒಂದು ಬೆತ್ತದ ಬುಟ್ಟಿ ಹಿಡಿದು ಮನೆಮನೆಗೆ ಹೋದೆ. ಒಂದು ಗರಿಯನ್ನು ಕೇಳಲು ಹೋದವಳು ಪ್ರತಿ ಮನೆಯಲ್ಲೂ ಅರ್ಧ ಗಂಟೆ ಕುಳಿತೆ. ಗರಿ ಎಲ್ಲಿದೆಯೆಂದು ಹುಡುಕುವಾಗಲೇ ಮಾತು ತೆರೆದುಕೊಳ್ಳುತ್ತಿತ್ತು: ಮಗ ಗಲ್ಫಿನಿಂದ ಕರೆ ಮಾಡಿ ಎರಡು ತಿಂಗಳಾಗಿದೆ, ಅಡಿಕೆಗೆ ಹಳದಿ ರೋಗ ಬಂದಿದೆ, ಸೊಸೆ ಇಗರ್ಜಿಗೆ ಬರುವುದನ್ನು ಬಿಟ್ಟಿದ್ದಾಳೆ. ಗುಡ್ಡೆಯ ಮೇಲಿನ ಮನೆಯಲ್ಲಿ ಒಬ್ಬಂಟಿಯಾಗಿರುವ ವೃದ್ಧೆಯೊಬ್ಬರು ಒಂದು ಗರಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಸುಮ್ಮನಿದ್ದರು. "ಬಾಯೆ, ಇದು ಅವರು ಕಡೆಯ ಸಲ ಇಗರ್ಜಿಗೆ ಬಂದಾಗ ಹಿಡಿದುಕೊಂಡಿದ್ದ ಗರಿ" ಎಂದರು. ಹಾಗಾದರೆ ಅದು ನಿಮ್ಮಲ್ಲೇ ಇರಲಿ ಮಾಮಿ, ಬೇರೆ ಯಾವುದಾದರೂ ಕೊಡಿ ಎಂದೆ. ಅವರು ಕೇಳಲಿಲ್ಲ. ಹೆಣೆದ ಶಿಲುಬೆಯನ್ನು ನಿಧಾನವಾಗಿ ಬಿಚ್ಚಿ, ಅರ್ಧವನ್ನು ಹರಿದು ಪೀಠದ ಹಿಂದೆ ಇಟ್ಟುಕೊಂಡು ಉಳಿದರ್ಧವನ್ನು ಬುಟ್ಟಿಗೆ ಹಾಕಿದರು.

ಸುಡುವ ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದನ್ನು ಮಾಡಹೊರಡುವ ಬೇರೆ ಧರ್ಮಕೇಂದ್ರಗಳಿಗೆ ಇದು ಉಪಯೋಗಕ್ಕೆ ಬರಬಹುದು. ತಿರಿಯನ್ನು ಬಯಲಿನಲ್ಲಿ ರಾಶಿ ಹಾಕಿ ಬೆಂಕಿ ಕೊಟ್ಟರೆ ಅದು ಭಗ್ಗನೆ ಉರಿದು ಹಗುರವಾದ ಬಿಳಿಬೂದಿಯಾಗುತ್ತದೆ, ಅರ್ಧ ಗಾಳಿಗೆ ಹಾರಿಹೋಗುತ್ತದೆ, ಉಳಿದದ್ದು ಹಣೆಯ ಮೇಲೆ ಕಾಣುವುದೂ ಇಲ್ಲ. ಮೊದಲು ಎಲೆಯ ನಡುವಿನ ಕಡ್ಡಿಯನ್ನು ಸೀಳಿ ತೆಗೆಯಬೇಕು. ಇಲ್ಲವಾದರೆ ಅದು ಗಟ್ಟಿ ಇದ್ದಿಲಾಗಿ ಉಳಿದು ಚರ್ಮಕ್ಕೆ ಚುಚ್ಚುತ್ತದೆ. ಬಳಿಕ ಎಲೆಯನ್ನು ಬೆರಳುದ್ದಕ್ಕೆ ತುಂಡರಿಸಿ, ಹಳೆಯ ಕಬ್ಬಿಣದ ಬಾಣಲೆಗೆ ಹಾಕಿ, ಬೆಂಕಿ ಹಿಡಿದ ಕೂಡಲೇ ಮೇಲೆ ಮುಚ್ಚಳವಿಟ್ಟು, ಗಾಳಿ ಸಿಗದಂತೆ ಮಾಡಿದರೆ ಅದು ಒಳಗೊಳಗೇ ಕರಿಯಾಗಿ ಬೇಯುತ್ತದೆ. ಪೂರ್ತಿ ತಣಿಯುವವರೆಗೆ ಮುಚ್ಚಳ ತೆಗೆಯಬಾರದು, ತೆಗೆದರೆ ಮತ್ತೆ ಕಿಡಿ ಏಳುತ್ತದೆ. ತಣಿದ ಮೇಲೆ ಕಲ್ಲಿನಲ್ಲಿ ಅರೆದು, ತೆಳುವಾದ ಹಳೆಯ ಪಂಚೆಯಲ್ಲಿ ಎರಡು ಸಲ ಸೋಸಿದಾಗ ಕಾಡಿಗೆಯಂತಹ ನಯವಾದ ಕಪ್ಪು ಹುಡಿ ಸಿಗುತ್ತದೆ. ಬುಟ್ಟಿ ತುಂಬ ಗರಿಯಿಂದ ನಮಗೆ ಸಿಕ್ಕಿದ್ದು ಎರಡು ಗೆರಟೆಯಷ್ಟು ಹುಡಿ. ನಮ್ಮ ಇಡೀ ಧರ್ಮಕೇಂದ್ರಕ್ಕೆ ಅದು ಸಾಕಾಗಿ ಮಿಕ್ಕಿತು.

ಇದರಲ್ಲಿ ನನ್ನಿಂದ ಒಮ್ಮೆ ದೊಡ್ಡ ತಪ್ಪಾಗಿತ್ತು. 2019ರಲ್ಲಿ ಬೂದಿ ಹಣೆಯಲ್ಲಿ ಚೆನ್ನಾಗಿ ನಿಲ್ಲಲಿ ಎಂದು ನಾನು ಹಿಂದಿನ ರಾತ್ರಿಯೇ ಅದಕ್ಕೆ ನೀರು ಸೇರಿಸಿ ಕಲಸಿಟ್ಟಿದ್ದೆ. ಮರುದಿನ ಬಲಿಪೂಜೆ ಮುಗಿಯುವ ಮೊದಲೇ ಸಣ್ಣ ಮಕ್ಕಳು ಹಣೆ ಉರಿಯುತ್ತದೆಂದು ಅಳಲಾರಂಭಿಸಿದರು. ಒಂದು ಮಗುವಿನ ಚರ್ಮ ಕೆಂಪಾಗಿ ಸುಲಿದೇ ಹೋಯಿತು. ಆ ಮಗುವಿನ ಮನೆಗೆ ಹೋಗಿ ತಾಯಿಯ ಮುಂದೆ ನಿಂತ ಗಳಿಗೆಯನ್ನು ನಾನು ಮರೆತಿಲ್ಲ. ಸಸ್ಯದ ಬೂದಿಯಲ್ಲಿರುವ ಪೊಟ್ಯಾಸಿಯಂ ಲವಣಗಳು ನೀರಿನಲ್ಲಿ ಕರಗಿದಾಗ ಅದು ಕ್ಷಾರವಾಗುತ್ತದೆ, ಮತ್ತು ಹೊತ್ತು ಕಳೆದಂತೆ ಹೆಚ್ಚು ಹೆಚ್ಚು ಕರಗುತ್ತದೆ. ಸೋಪು ಇಲ್ಲದ ಕಾಲದಲ್ಲಿ ನಮ್ಮ ಅಜ್ಜಿಯಂದಿರು ಬಟ್ಟೆ ಒಗೆಯಲು ಬೂದಿನೀರನ್ನೇ ಬಳಸುತ್ತಿದ್ದುದು ಇದೇ ಗುಣಕ್ಕಾಗಿ. ಅದು ನನಗೆ ಗೊತ್ತಿದ್ದೂ ಆ ರಾತ್ರಿ ಹೊಳೆಯಲಿಲ್ಲ. ಅಂದಿನಿಂದ ನಾವು ಬೂದಿಗೆ ನೀರು ಹಾಕುವುದಿಲ್ಲ. ಆಶೀರ್ವಾದದ ವೇಳೆ ಗುರುಗಳು ಚಿಮುಕಿಸುವ ತೀರ್ಥದ ನಾಲ್ಕು ಹನಿಗಳ ಹೊರತಾಗಿ ಅದು ಒಣಗಿಯೇ ಇರುತ್ತದೆ. ಹಣೆಗೆ ಹಿಡಿಯಲು ಬೇಕಾದರೆ ಬೆರಳಿಗೆ ತೆಂಗಿನೆಣ್ಣೆಯ ಪಸೆ ಸಾಕು.

ಮಂಗಳವಾರ ಸಂಜೆ ಇಗರ್ಜಿಯ ಅಂಗಳದಲ್ಲಿ ಗರಿ ಸುಟ್ಟಾಗ ಏಳು ವಾಡೆಗಳ ಗುರಿಕಾರರೂ ತಮ್ಮ ತಮ್ಮ ಬುಟ್ಟಿಗಳೊಂದಿಗೆ ಬಂದಿದ್ದರು. ಯಾರೂ ಭಾಷಣ ಮಾಡಲಿಲ್ಲ. ಒಂದು ಕೀರ್ತನೆ ಹಾಡಿ, ಬಾಣಲೆಯ ಸುತ್ತ ನಿಂತೆವು, ಮಕ್ಕಳು ಕಡ್ಡಿಗಳನ್ನು ಆರಿಸಿದರು. ನಾನು ಇಷ್ಟು ವರ್ಷ ನೋಡಿದ ಬೂದಿ ಬುಧವಾರಗಳಲ್ಲಿ ಈ ಮಂಗಳವಾರವೇ ನನಗೆ ನಿಜವಾದ ಆರಂಭವೆನಿಸಿತು.

ಬುಧವಾರ ನಮ್ಮಲ್ಲಿ ರಜೆಯ ದಿನವಲ್ಲ. ಬೆಳಗ್ಗೆ ಆರೂವರೆಗೆ ಒಂದು, ಸಂಜೆ ಐದೂವರೆಗೆ ಒಂದು ಬಲಿಪೂಜೆ ಇಟ್ಟಿದ್ದೆವು. ಬೂದಿ ಹಚ್ಚುವಾಗ ಹೇಳಬಹುದಾದ ವಾಕ್ಯಗಳು ಎರಡು: ನೀನು ಮಣ್ಣು, ಮರಳಿ ಮಣ್ಣಿಗೇ ಸೇರುವೆ ಎಂಬುದನ್ನು ನೆನಪಿಟ್ಟುಕೊ ಎಂಬುದು ಆದಿಕಾಂಡದಿಂದ ಬಂದದ್ದು, ಪಶ್ಚಾತ್ತಾಪಪಟ್ಟು ಶುಭಸಂದೇಶದಲ್ಲಿ ವಿಶ್ವಾಸವಿಡು ಎಂಬುದು ಮಾರ್ಕನ ಶುಭಸಂದೇಶದಿಂದ ಬಂದದ್ದು. ನಾವು ಮೊದಲನೆಯದನ್ನು ಆರಿಸಿಕೊಂಡೆವು. ಕೊಂಕಣಿ ಬಾರದವರಿಗೆ ಗುರುಗಳು ಅದನ್ನೇ ಕನ್ನಡದಲ್ಲಿ, ಮಲಯಾಳದಲ್ಲಿ ಹೇಳಿದರು. ಆ ದಿನದ ಶುಭಸಂದೇಶ ಮತ್ತಾಯನ ಆರನೇ ಅಧ್ಯಾಯದ್ದು, ಉಪವಾಸವಿರುವಾಗ ಮುಖ ತೊಳೆದುಕೊ, ಜನರಿಗೆ ತೋರಿಸಬೇಡ ಎನ್ನುವ ಭಾಗ. ಹಾಗಾದರೆ ಹಣೆಯ ಬೂದಿ ತೋರಿಕೆಯಲ್ಲವೇ ಎಂದು ಹತ್ತನೆಯ ತರಗತಿಯ ಹುಡುಗನೊಬ್ಬ ಧರ್ಮೋಪದೇಶದ ತರಗತಿಯಲ್ಲಿ ನನ್ನನ್ನು ಕೇಳಿದ್ದ. ನಮ್ಮ ಊರಿನಲ್ಲಿ ಗಂಧ, ವಿಭೂತಿ, ಕುಂಕುಮ ಹಚ್ಚಿದ ಹಣೆಗಳ ನಡುವೆ ಒಂದು ಕಪ್ಪು ಗುರುತು ಯಾರ ಕಣ್ಣನ್ನೂ ಸೆಳೆಯುವುದಿಲ್ಲ, ಅದು ಹಚ್ಚಿಕೊಂಡವನಿಗೇ ನೆನಪು ಮಾಡಿಕೊಡುವ ಗುರುತು ಎಂದು ನಾನು ಉತ್ತರಿಸಿದೆ. ಆದರೂ ಅವನ ಪ್ರಶ್ನೆ ಒಳ್ಳೆಯ ಪ್ರಶ್ನೆಯೆಂದೇ ನನ್ನ ಭಾವನೆ.

ಉಪವಾಸದ ನಿಯಮ ಕಠಿಣವೇನಲ್ಲ. 18 ವರ್ಷ ತುಂಬಿದವರಿಂದ 59 ತುಂಬುವವರೆಗಿನವರು ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಒಂದೇ ಪೂರ್ಣ ಊಟ ಮಾಡಬೇಕು, 14 ತುಂಬಿದವರೆಲ್ಲರೂ ಮಾಂಸ ಬಿಡಬೇಕು. ನಿಯಮದ ಪ್ರಕಾರ ಮೀನಿಗೆ ಅಡ್ಡಿಯಿಲ್ಲ. ಆದರೆ ಕಡಲ ಕರೆಯಲ್ಲಿ ಬದುಕುವ ನಮಗೆ ಬಂಗುಡೆ, ಬೂತಾಯಿ ದಿನದ ಅನ್ನದ ಜೊತೆಯವು; ಮಾಂಸ ಬಿಟ್ಟು ಮೀನು ತಿಂದರೆ ನಾವು ಬಿಟ್ಟದ್ದಾದರೂ ಏನು? ಆದ್ದರಿಂದ ತಪಸ್ಸು ಕಾಲದ ಪ್ರತಿ ಶುಕ್ರವಾರ ಇಡೀ ವಾಡೆ ಮೀನನ್ನೂ ಬಿಡುವುದೆಂದು, ಆ ದಿನ ಉಳಿದ ಮೀನಿನ ಹಣವನ್ನು ಒಂದು ಡಬ್ಬಿಗೆ ಹಾಕುವುದೆಂದು ನಿಶ್ಚಯಿಸಿದೆವು. ಹಲವು ವ್ರತಗಳ ಉದ್ದನೆಯ ಪಟ್ಟಿಯನ್ನು ಮಾಡುವುದಕ್ಕಿಂತ ಎಲ್ಲರೂ ಒಟ್ಟಾಗಿ ಪಾಲಿಸಬಹುದಾದ ಒಂದೇ ಒಂದನ್ನು ಹಿಡಿಯುವುದು ಹೆಚ್ಚು ಗಟ್ಟಿಯೆಂದು ಅನುಭವದಿಂದ ಹೇಳಬಲ್ಲೆ. ಸಂಜೆಯ ಪೂಜೆಯ ಬಳಿಕ ಸಭಾಭವನದಲ್ಲಿ ಎಲ್ಲರಿಗೂ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಉಪ್ಪಿನಕಾಯಿ, ಅಷ್ಟೇ. ತೋಟದ ಯಜಮಾನರೂ ಅವರಲ್ಲಿ ಅಡಿಕೆ ಸುಲಿಯುವ ಹೆಂಗಸರೂ ಒಂದೇ ಬೆಂಚಿನಲ್ಲಿ ಕುಳಿತು ಗಂಜಿ ಕುಡಿದರು.

ಆ ವರ್ಷ ನೆರೆಯ ಮುಸ್ಲಿಂ ಮನೆಗಳಲ್ಲಿ ಮಾರ್ಚ್ 2ರಿಂದಲೇ ರಂಜಾನ್ ಉಪವಾಸ ಶುರುವಾಗಿತ್ತು. ತಿರುವಾಂಕೂರು ಕಡೆಯಿಂದ ಬಂದು ನೆಲೆಸಿ, ದೂರದ ಕಾರಣ ನಮ್ಮ ಇಗರ್ಜಿಗೇ ಬರುವ ಸಿರೋ ಮಲಬಾರ್ (ಬೇರೆ ಪೂಜಾವಿಧಿಯ ಕೇರಳದ ಕಥೋಲಿಕ) ಕುಟುಂಬವೊಂದು ತಮ್ಮ ಐವತ್ತು ದಿನಗಳ ನೋಂಬನ್ನು, ಅಂದರೆ ವ್ರತವನ್ನು, ಸೋಮವಾರವೇ ಆರಂಭಿಸಿತ್ತು. ಅವರ ಸಂಪ್ರದಾಯದಲ್ಲಿ ಬೂದಿ ಸೋಮವಾರಕ್ಕೆ. ಆದರೂ ಆ ಮನೆಯ ಹಿರಿಯರು ಬುಧವಾರ ಗಂಜಿ ಬಡಿಸಲು ಬಂದರು. ಅಂದು ಊಟದ ನಡುವೆ ಗುರುಗಳು 1784ನ್ನು ನೆನಪಿಸಿದರು. ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ್ದು ಬೂದಿ ಬುಧವಾರದ ಹೊತ್ತಿಗೆ ಎಂಬುದು ನಮ್ಮ ಸಮುದಾಯ ತಲೆಮಾರುಗಳಿಂದ ಹೇಳಿಕೊಂಡು ಬಂದ ಮಾತು. ಬದುಕುಳಿದವರು ಮರಳಿದ್ದು 1799ರಲ್ಲಿ ಟಿಪ್ಪು ಮಡಿದ ಬಳಿಕ. ಆ ನೋವನ್ನು ಇಂದಿನ ನೆರೆಯವರ ಮೇಲೆ ಹೊರಿಸಲು ನಾವು ನೆನೆಯುವುದಲ್ಲ, ಮನೆ ಕಳೆದುಕೊಂಡವರು ಯಾವ ಜಾತಿಯವರಾದರೂ ಅವರ ಪಾಡು ನಮಗೆ ಅರ್ಥವಾಗಬೇಕೆಂದು ನೆನೆಯುವುದು ಎಂದು ಅವರು ಹೇಳಿದ್ದು ನನಗೆ ಸರಿಯೆನಿಸಿತು.

ಗುರುವಾರ ನಾವು ಹಾಸಿಗೆ ಹಿಡಿದವರ ಮನೆಗಳಿಗೆ ಬೂದಿ ಒಯ್ದೆವು. ಬೂದಿಯನ್ನು ಆಶೀರ್ವದಿಸುವುದು ಗುರುಗಳು ಅಥವಾ ಉಪಯಾಜಕರ ಕೆಲಸವಾದರೂ ಆಶೀರ್ವದಿಸಿದ ಬೂದಿಯನ್ನು ಹಚ್ಚಲು ಶ್ರೀಸಾಮಾನ್ಯರಿಗೂ ಅನುಮತಿಯಿದೆ ಎಂಬುದು ಹಲವರಿಗೆ ಗೊತ್ತಿರಲಿಲ್ಲ. ಗುಡ್ಡೆಯ ಮೇಲಿನ ಮಾಮಿ ಮೊಣಕಾಲು ನೋವಿನಿಂದ ಬುಧವಾರ ಬಂದಿರಲಿಲ್ಲ. ನಾನು ಚಿಕ್ಕ ಡಬ್ಬಿಯ ಮುಚ್ಚಳ ತೆಗೆದಾಗ ಅವರು ಮೊದಲು ಬಗ್ಗಿ ಒಳಗೆ ನೋಡಿದರು. "ಅವರದೂ ಇದರಲ್ಲಿ ಉಂಟಲ್ಲ?" ಎಂದು ಕೇಳಿದರು. ಉಂಟು ಎಂದೆ. ಆಮೇಲೆ ಸೆರಗು ಸರಿಮಾಡಿಕೊಂಡು ಹಣೆ ಒಡ್ಡಿದರು.

ಮುಂದಿನ ಸಲಕ್ಕೆ ಕೆಲವನ್ನು ಬದಲಿಸಬೇಕೆಂದು ಗುರಿಕಾರರ ಸಭೆಯಲ್ಲಿ ಬರೆದಿಟ್ಟಿದ್ದೇವೆ. ಐದೂವರೆಯ ಪೂಜೆಗೆ ಪೇಟೆಯಲ್ಲಿ ಕೆಲಸ ಮಾಡುವ ಹೆಂಗಸರು ಬಸ್ಸಿನಲ್ಲಿ ತಲುಪಲಾಗದೆ ಹಿಂದೆ ಉಳಿದರು, ಆದ್ದರಿಂದ ಅದು ಆರೂವರೆಗೆ ಹೋಗಬೇಕು. ಗರಿ ಸಂಗ್ರಹಕ್ಕೆ ಒಂದು ವಾರ ಸಾಲದು, ಕನಿಷ್ಠ ಎರಡು ವಾರ ಬೇಕು. ಮದುವೆಯಾಗಿ ಹೊಸದಾಗಿ ಬಂದವರಲ್ಲಿ, ಬಾಡಿಗೆ ಮನೆಯವರಲ್ಲಿ ಗರಿಯಿರಲಿಲ್ಲ, ಕೆಲವರು ಅದಕ್ಕಾಗಿ ನನ್ನ ಮುಂದೆ ಸಂಕೋಚಪಟ್ಟರು. ಅಂಥವರ ಕೈಯಲ್ಲಿ ಗರಿ ತುಂಡರಿಸುವ ಕೆಲಸ ಮಾಡಿಸಬೇಕು. ಏಪ್ರಿಲ್ 13ರ ಗರಿಗಳ ಆದಿತ್ಯವಾರದಂದು ನಾನು ಇಗರ್ಜಿಯ ಬಾಗಿಲಲ್ಲಿ ನಿಂತು ಅವರೆಲ್ಲರಿಗೂ ಎರಡೆರಡು ತಿರಿ ಕೊಟ್ಟೆ, ಒಂದನ್ನು ಪೀಠದ ಹಿಂದೆ ಇಡಿ, ಇನ್ನೊಂದನ್ನು ನನಗಾಗಿ ಜೋಪಾನ ಮಾಡಿ ಎಂದು ಹೇಳಿ.