ಕಾಗೆ, ಗುಬ್ಬಿಯನ್ನೂ ಬರೆಯಿರಿ: ಹಕ್ಕಿ ಎಣಿಸುವ ಗುಂಪನ್ನು ವರ್ಷವಿಡೀ ಉಳಿಸಿಕೊಳ್ಳುವುದು ಹೇಗೆ?

ಫೆಬ್ರುವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಹಕ್ಕಿ ಎಣಿಕೆಗೆಂದು ವಿಜಯಪುರದ ಭೂತನಾಳ ಕೆರೆಯ ದಂಡೆಗೆ ಜನರನ್ನು ಕರೆದರೆ ಉತ್ಸಾಹದಿಂದಲೇ ಬರುತ್ತಾರೆ. ಮಾರ್ಚ್‌ನ ಬಿಸಿಲು ಏರುವ ಹೊತ್ತಿಗೆ ಅವರಲ್ಲಿ ಅನೇಕರು, ಕಂಡ ಹಕ್ಕಿಗಳ ಪಟ್ಟಿ ಕಳುಹಿಸುವ ಇ-ಬರ್ಡ್ ಆ್ಯಪ್ ತೆರೆಯುವುದನ್ನೇ ಬಿಟ್ಟಿರುತ್ತಾರೆ. ತಪ್ಪು ಅವರದಲ್ಲ. ಕರೆದವರು ನಾವು, ಕೊಟ್ಟ ಮಾಹಿತಿ ಏನಾಯಿತೆಂದು ತಿಳಿಸದವರೂ ನಾವೇ.

ಮೊದಲು ಕೆಲಸವನ್ನು ಚಿಕ್ಕದು ಮಾಡಿ. ಹದಿನೈದು ನಿಮಿಷ ಸಾಕು, ಮನೆಯ ಮಾಳಿಗೆಯೇ ಸಾಕು. ಹಕ್ಕಿಗಳ ಗುರುತು ಸಿಗದವರಿಗೆ ಮರ ಕೊಡಿ: ಋತುಗಳೊಂದಿಗೆ ಮರಗಳು ಬದಲಾಗುವುದನ್ನು ದಾಖಲಿಸುವ ಸೀಸನ್‌ವಾಚ್ ಯೋಜನೆಯಲ್ಲಿ ಓಣಿಯ ಒಂದು ಬೇವಿನ ಮರವನ್ನು ಆರಿಸಿಕೊಂಡು, ವಾರಕ್ಕೊಮ್ಮೆ ಚಿಗುರು, ಹೂವು, ಕಾಯಿ ಎಷ್ಟಿವೆ ಎಂದು ಗುರುತಿಸಿದರಾಯಿತು.

ಎರಡನೆಯದು, ‘ವಿಶೇಷವೇನೂ ಕಾಣಲಿಲ್ಲ ಸರ್, ಕಾಗೆ, ಗುಬ್ಬಿ ಅಷ್ಟೇ’ ಎನ್ನುವವರಿಗೆ ಕಾರಣ ಬಿಡಿಸಿ ಹೇಳಿ. ಗುರುತಿಸಿದ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ ಎಂದು ಇ-ಬರ್ಡ್ ಕೇಳುತ್ತದೆ. ಹೌದು ಎಂದಾಗ, ಪಟ್ಟಿಯಲ್ಲಿ ಇಲ್ಲದ ಹಕ್ಕಿ ಅಲ್ಲಿ ಕಾಣಲಿಲ್ಲ ಎಂಬುದೂ ಮಾಹಿತಿಯೇ. ಗುಬ್ಬಿ ಕಡಿಮೆಯಾಗುತ್ತಿದೆಯೇ ಎಂಬುದನ್ನು ಇಂಥ ಪೂರ್ಣ ಪಟ್ಟಿಗಳಿಂದಲೇ ಅಳೆಯಬೇಕು. ಎಲ್ಲರೂ ಆಲಮಟ್ಟಿ ಹಿನ್ನೀರಿಗೇ ಹೋಗಿ ಪಟ್ಟೆತಲೆ ಹೆಬ್ಬಾತನ್ನಷ್ಟೇ ಬರೆದರೆ ಸಿಂದಗಿ, ಇಂಡಿ ತಾಲ್ಲೂಕುಗಳ ಹೊಲಗಳ ಕಥೆ ಯಾರಿಗೂ ತಿಳಿಯದು. ಗುಂಪಿನವರಿಗೆ ಜಿಲ್ಲೆಯ ನಕ್ಷೆ ತೋರಿಸಿ, ಖಾಲಿ ಇರುವಲ್ಲಿ ಬೆರಳಿಡಿ. ‘ಇದು ನಮ್ಮೂರು’ ಎಂದು ಯಾರಾದರೂ ಹೇಳಿದರೆ ಆ ಜಾಗ ಅವರದು.

ಮೂರನೆಯದು ಉತ್ತರ ಕೊಡುವುದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಗಿಡ, ಪ್ರಾಣಿಗಳ ಚಿತ್ರ ಹಾಕಿ ಹೆಸರು ಗುರುತಿಸುವ ಐ-ನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕಿದ ಚಿತ್ರವು ಸಂಶೋಧನೆಗೆ ಯೋಗ್ಯವೆನಿಸಲು, ಗುರುತಿಸಿದವರಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಮಂದಿ ಒಂದೇ ಹೆಸರನ್ನು ಒಪ್ಪಬೇಕು. ಯಾರೂ ನೋಡದಿದ್ದರೆ ಚಿತ್ರ ಹಾಗೆಯೇ ಬಿದ್ದಿರುತ್ತದೆ. ಕಳುಹಿಸಿದವರ ಮನಸ್ಸೂ ಬಾಡುತ್ತದೆ. ಆದ್ದರಿಂದ ಗುಂಪಿನ ಇಬ್ಬರು ಅನುಭವಿಗಳು ವಾರಕ್ಕೆರಡು ಸಲ ಇದಕ್ಕೆಂದೇ ಕುಳಿತುಕೊಳ್ಳಲಿ. ಹೊಸಬರ ಮೊದಲ ಚಿತ್ರವನ್ನೇ ಮೊದಲು ನೋಡಲಿ. ಹೆಸರು ತಪ್ಪಿದ್ದರೆ ತಿದ್ದಿ ಸುಮ್ಮನಾಗಬಾರದು. ಕೊಕ್ಕು ಹೇಗಿದೆ, ಬಾಲ ಎಷ್ಟು ಉದ್ದವಿದೆ ನೋಡಿ ಎಂದು ಕಾರಣ ಬರೆಯಬೇಕು. ಮುಂದಿನ ಸಲ ಅವರೇ ಸರಿಯಾಗಿ ಹೇಳುತ್ತಾರೆ.

ಯಾರು ಹೆಚ್ಚು ಕಳುಹಿಸಿದರು ಎಂಬ ಪೈಪೋಟಿ ಬೇಡ. ಮೊದಲ ಮೂವರಿಗೆ ಹುರುಪು ಬರಬಹುದು, ಉಳಿದವರು ಮೆಲ್ಲಗೆ ಜಾರಿಕೊಳ್ಳುತ್ತಾರೆ.

ಕೊನೆಯದಾಗಿ, ಜನ ಹೇಗೂ ಹೊರಗೆ ಹೋಗುವ ದಿನವನ್ನೇ ಎಣಿಕೆಯ ದಿನವಾಗಿಸಿ. ಎಳ್ಳಮಾವಾಸ್ಯೆಗೆ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಚರಗ ಚೆಲ್ಲಲು ಹೊಲಕ್ಕೆ ಹೋದಾಗ, ಹಿಂಗಾರಿ ಜೋಳದ ಮೇಲೆ ಗುಲಾಬಿ ಕಬ್ಬಕ್ಕಿಗಳ ಹಿಂಡು ಹಾರಾಡುವ ಕಾಲ. ಅವುಗಳನ್ನು ಕವಣೆ ಬೀಸಿ ಓಡಿಸುವ ರೈತರಿಗಿಂತ ಚೆನ್ನಾಗಿ ಅವನ್ನು ಬಲ್ಲವರಿಲ್ಲ. ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಎಣಿಸಿ. ಹೊಲದಲ್ಲಿ ಸಿಗ್ನಲ್ ಸಿಗದಿದ್ದರೂ ಇ-ಬರ್ಡ್ ಪಟ್ಟಿ ಮೊಬೈಲ್‌ನಲ್ಲೇ ಉಳಿಯುತ್ತದೆ, ಊರಿಗೆ ಮರಳಿದ ಮೇಲೆ ಕಳುಹಿಸಬಹುದು.