ರಾತ್ರಿ ಮಲಗುವ ಮುಂಚೆ ಮುಖಕ್ಕೆ ಏನು ಹಚ್ಚುತ್ತೀರಿ?

ಮಂಗಳೂರಿನ ಕಂಕನಾಡಿಯಲ್ಲಿ ನಾನು ಪಾರ್ಲರ್ ತೆರೆದು 14 ವರ್ಷವಾಯಿತು. ಮೊದಲ ಐದು ವರ್ಷ ಗೋಡೆಯ ಮೇಲೆ ದರಪಟ್ಟಿ ಇತ್ತು, ಮೇಜಿನ ಮೇಲೆ ಪುಸ್ತಕ ಇರಲಿಲ್ಲ. ಈಗ ಉದ್ದದ ಲೆಕ್ಕದ ಪುಸ್ತಕವೊಂದಿದೆ. ವ್ಯಾಕ್ಸಿಂಗ್‌ಗೆ ಬರುವ ಪ್ರತಿಯೊಬ್ಬರಿಗೂ ಅದರಲ್ಲಿ ಒಂದು ಪುಟ. ಆ ಪುಸ್ತಕ ಕೊಳ್ಳಲು ಕಾರಣಳಾದವಳು ಒಬ್ಬ ಕಾಲೇಜು ಹುಡುಗಿ.

ಮೇ ತಿಂಗಳು. ಅಕ್ಕನ ಮದುವೆಗೆ ನಾಲ್ಕು ದಿನ ಇರುವಾಗ ಮೇಲ್ದುಟಿಯ ವ್ಯಾಕ್ಸಿಂಗ್‌ಗೆಂದು ಬಂದಿದ್ದಳು. ಆಗೆಲ್ಲ ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ.

“ಏನಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀಯಾ?”

“ಇಲ್ಲ ಅಕ್ಕ.”

ವ್ಯಾಕ್ಸಿನ ಬಿಸಿಯನ್ನು ನನ್ನ ಮಣಿಕಟ್ಟಿನ ಮೇಲೆ ನೋಡಿಕೊಂಡೆ, ಉಗುರುಬೆಚ್ಚಗಿತ್ತು. ಹಚ್ಚಿದೆ, ಎಳೆದೆ. ಸ್ಟ್ರಿಪ್ಪಿನ ಜೊತೆ ಕೂದಲು ಬಂತು, ಅದರ ಜೊತೆ ಚರ್ಮವೂ ಬಂತು. ತುಟಿಯ ಎಡಬದಿಯಲ್ಲಿ ಕಡಲೆಬೇಳೆಯಷ್ಟು ಜಾಗ ಹಸಿಯಾಗಿ ಮಿನುಗುತ್ತಿತ್ತು. ಹುಡುಗಿ ಕಿರುಚಲಿಲ್ಲ, ಕಣ್ಣಲ್ಲಿ ನೀರು ತುಂಬಿಕೊಂಡಿತು ಅಷ್ಟೆ. ಸುಟ್ಟಿತೇ ಎಂದು ಗಾಬರಿಯಾದೆ. ಆದರೆ ಸುಟ್ಟಿದ್ದರೆ ಹಚ್ಚಿದ ಜಾಗವೆಲ್ಲ ಕೆಂಪಾಗಬೇಕಿತ್ತು. ಇಲ್ಲಿ ಬೆಂದ ಆಲೂಗಡ್ಡೆಯ ಸಿಪ್ಪೆಯಂತೆ ಒಂದು ತುಂಡು ಎದ್ದು ಬಂದಿತ್ತು, ಉಳಿದದ್ದು ಸರಿಯಾಗಿಯೇ ಇತ್ತು.

ತಣ್ಣೀರಿನಲ್ಲಿ ನೆನೆಸಿದ ಶುದ್ಧ ಬಟ್ಟೆ ಇಟ್ಟು, ಅಂಗಡಿಯ ಶಟರ್ ಎಳೆದು, ಆಟೋ ಹಿಡಿದು ಚರ್ಮದ ವೈದ್ಯರ ಬಳಿ ನಾನೇ ಕರೆದುಕೊಂಡು ಹೋದೆ. ಅವರು ಗಾಯವನ್ನು ಒಮ್ಮೆ ನೋಡಿ ಅವಳನ್ನೇ ಕೇಳಿದರು, “ಮೊಡವೆಗೆ ಏನು ಹಚ್ಚುತ್ತಿದ್ದೀಯಮ್ಮ?” ಮೂರು ತಿಂಗಳಿಂದ ರಾತ್ರಿ ಅಡಾಪಲೀನ್ ಜೆಲ್ ಹಚ್ಚುತ್ತಿದ್ದಳಂತೆ. ನಾನು ಅವಳ ಮುಖ ನೋಡಿದೆ. “ನೀವು ಔಷಧಿ ಅಂತ ಕೇಳಿದಿರಿ ಅಕ್ಕ. ಅದು ಕ್ರೀಮ್ ಅಲ್ಲವಾ?” ಎಂದಳು. ಅವಳು ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ್ದೇ ತಪ್ಪಾಗಿತ್ತು.

ಅಡಾಪಲೀನ್, ಟ್ರೆಟಿನಾಯಿನ್ ಇವೆಲ್ಲ ಎ ಜೀವಸತ್ವದ ಬಳಗದವು. ಚರ್ಮದ ಮೇಲ್ಪದರದ ಕೋಶಗಳು ಒಂದಕ್ಕೊಂದು ಅಂಟಿಕೊಂಡಿರುವ ಹಿಡಿತವನ್ನು ಇವು ಸಡಿಲಿಸುತ್ತವೆ; ಚರ್ಮದ ರಂಧ್ರ ಮುಚ್ಚಿಕೊಂಡು ಮೊಡವೆಯಾಗದಿರಲಿ ಎಂದೇ ಇವನ್ನು ಕೊಡುವುದು. ಸಡಿಲವಾದ ಪದರದ ಮೇಲೆ ಅಂಟು ಹಚ್ಚಿ ಎಳೆದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಹಚ್ಚುವ ಜಾಗಕ್ಕೆ ವ್ಯಾಕ್ಸ್ ಮಾಡಬೇಡಿ ಎಂದು ಟ್ಯೂಬಿನ ಒಳಗಿನ ಚೀಟಿಯಲ್ಲೇ ಬರೆದಿರುತ್ತದೆ. ಆ ಚೀಟಿಯನ್ನು ಬಿಡಿಸಿ ಓದುವವರು ಯಾರು?

ಗಾಯ ವಾರದಲ್ಲಿ ಒಣಗಿತು, ಕಂದು ಕಲೆ ತಿಂಗಳುಗಟ್ಟಲೆ ಉಳಿಯಿತು. ನಮ್ಮ ಬಣ್ಣದ ಚರ್ಮಕ್ಕೆ ಇದೇ ದೊಡ್ಡ ಸಂಕಟ. ನೋವು ಎರಡು ದಿನದ್ದು, ಕಲೆ ಮುಂದಿನ ಹಬ್ಬದವರೆಗೆ. ಮದುವೆಯ ಆಲ್ಬಮ್ಮಿನಲ್ಲಿ ಅವಳು ಎಲ್ಲ ಫೋಟೊಗಳಲ್ಲೂ ಬಲಗೆನ್ನೆ ತೋರಿಸಿಕೊಂಡೇ ನಿಂತಿದ್ದಾಳೆಂದು ಅವಳ ತಾಯಿ ನಂತರ ಹೇಳಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ನನ್ನ ಪ್ರಶ್ನೆ ಬದಲಾಯಿತು: “ರಾತ್ರಿ ಮಲಗುವ ಮುಂಚೆ ಮುಖಕ್ಕೆ ಏನು ಹಚ್ಚುತ್ತೀರಿ?” ಹೀಗೆ ಕೇಳಿದರೆ ಬಾಯಿ ತೆರೆಯುತ್ತದೆ. ಅಕ್ಕಿ ತೊಳೆದ ನೀರು, ಲೋಳೆಸರ, ತೆಂಗಿನೆಣ್ಣೆ, ಮೊಬೈಲಿನಲ್ಲಿ ನೋಡಿ ತರಿಸಿದ ಸೀರಮ್. ನನಗೆ ಅತ್ಯಂತ ಭಯ ಹುಟ್ಟಿಸುವುದು ಗೆಳತಿ ಹೇಳಿದಳೆಂದು ಮೆಡಿಕಲ್ಲಿನಿಂದ ತಂದ ‘ಬೆಳ್ಳಗಾಗುವ’ ಟ್ಯೂಬ್. ಅದರಲ್ಲಿ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಜೊತೆಗೊಂದು ಸ್ಟೀರಾಯ್ಡ್, ಮೂರೂ ಸೇರಿರುತ್ತವೆ. ವೈದ್ಯರು ಕೆಲವೇ ವಾರಕ್ಕೆಂದು ಬರೆಯುವುದನ್ನು ಜನ ವರ್ಷಗಟ್ಟಲೆ ಹಚ್ಚುತ್ತಾರೆ. ಕೆನ್ನೆಯ ಚರ್ಮ ತೆಳ್ಳಗಾಗಿ ಒಳಗಿನ ರಕ್ತನಾಳ ಕಾಣುತ್ತಿರುತ್ತದೆ. ಅಂಥ ಮುಖಕ್ಕೆ ವ್ಯಾಕ್ಸ್ ಮಾಡುವುದಿಲ್ಲ, ಎಷ್ಟು ಹೇಳಿದರೂ ಇಲ್ಲ; ದಾರ ಹಿಡಿದು ಥ್ರೆಡಿಂಗ್ ಮಾಡಿ ಕಳಿಸುತ್ತೇನೆ. ಮೊಡವೆಗೆ ಐಸೋಟ್ರೆಟಿನಾಯಿನ್ ಮಾತ್ರೆ ನುಂಗುವವರಿಗೆ ಮುಖಕ್ಕೆ ಮಾತ್ರವಲ್ಲ, ಕೈಕಾಲಿಗೂ ಇಲ್ಲ. ಮಾತ್ರೆ ನಿಲ್ಲಿಸಿ ಆರು ತಿಂಗಳು ಕಳೆಯಬೇಕು.

ಎರಡನೆಯ ಪ್ರಶ್ನೆಯನ್ನು ಕಲಿಸಿದ್ದು ಫೋನ್. “ಅಕ್ಕ, ಕೈಯೆಲ್ಲ ಎದ್ದಿದೆ” ಎಂದು ಯಾರಾದರೂ ಕರೆ ಮಾಡಿದರೆ ಏನು ಎದ್ದಿದೆ ಎಂದು ಮೊದಲು ಕೇಳುವುದಿಲ್ಲ, ಯಾವಾಗ ಎದ್ದಿತು ಎಂದು ಕೇಳುತ್ತೇನೆ. ಕುರ್ಚಿಯಿಂದ ಏಳುವ ಮೊದಲೇ ಪ್ರತಿ ಕೂದಲಿನ ಬುಡ ಉಬ್ಬಿ ತುರಿಸಿದರೆ ಅದು ಎಳೆತಕ್ಕೆ ಚರ್ಮ ಕೊಟ್ಟ ಉತ್ತರ. ನಮ್ಮ ಕಡೆ ಅದಕ್ಕೆ ಪಿತ್ತ ಎಂದು ಹೆಸರಿಟ್ಟು ಪುನರ್ಪುಳಿ ಶರಬತ್ತು ಕುಡಿಸುತ್ತಾರೆ. ಕುಡಿಯಲಿ, ಬೇಸಿಗೆಗೆ ಒಳ್ಳೆಯದೇ. ತಣ್ಣನೆಯ ಬಟ್ಟೆ ಇಟ್ಟರೆ ಕೆಲವು ಗಂಟೆಗಳಲ್ಲಿ ತಾನಾಗಿ ಇಳಿಯುತ್ತದೆ. ತುಟಿ ಬಾತರೆ, ಉಸಿರು ಕಟ್ಟಿದಂತಾದರೆ ಮಾತ್ರ ಶರಬತ್ತಿನ ಮಾತಿಲ್ಲ, ನೇರ ಆಸ್ಪತ್ರೆ.

ಎರಡು ಮೂರು ದಿನ ಬಿಟ್ಟು ಕೀವು ತುಂಬಿದ ಸಣ್ಣ ಗುಳ್ಳೆಗಳು ಬಂದರೆ ಕೂದಲಿನ ಗೂಡಿಗೆ ಸೋಂಕು ತಗಲಿದೆ ಎಂದರ್ಥ. ಅದರಲ್ಲಿ ಅರ್ಧ ತಪ್ಪು ಮಂಗಳೂರಿನ ಬೆವರಿನದು, ಅರ್ಧ ನನ್ನದು. ಮೊದಲೆಲ್ಲ ಒಂದೇ ಚಾಕುವನ್ನು ಡಬ್ಬಕ್ಕೆ ಅದ್ದಿ, ಕಾಲಿಗೆ ಹಚ್ಚಿ, ಮತ್ತೆ ಡಬ್ಬಕ್ಕೆ ಅದ್ದುತ್ತಿದ್ದೆ. ಕಲಿಸಿದವರೇ ಹಾಗೆ ಕಲಿಸಿದ್ದರು. ಈಗ ಐಸ್‌ಕ್ರೀಮ್ ಕಡ್ಡಿಯಂಥ ಮರದ ಕಡ್ಡಿಗಳು. ಒಂದು ಅದ್ದಿಗೆ ಒಂದು ಕಡ್ಡಿ, ನಂತರ ಕಸದ ಬುಟ್ಟಿಗೆ. ದಿನಕ್ಕೆ ನೂರು ಕಡ್ಡಿ ಹೋದರೂ ಚಿಂತೆಯಿಲ್ಲ. ಒಮ್ಮೆ ಕ್ರೈಸ್ತ ಮದುಮಗಳೊಬ್ಬಳು ಮದುವೆಗೆ ಮುಂಚಿನ ರೋಸ್ ಕಾರ್ಯಕ್ರಮದ ದಿನ ಬೆಳಿಗ್ಗೆ ಕೈಕಾಲು ವ್ಯಾಕ್ಸ್ ಮಾಡಿಸಿಕೊಂಡು ಹೋದಳು. ಸಂಜೆ ನೆಂಟರೆಲ್ಲ ಸೇರಿ ತಲೆಯಿಂದ ಕಾಲಿನವರೆಗೆ ತೆಂಗಿನ ಹಾಲು ಸುರಿದರು. ಬಾಯಿ ತೆರೆದು ಕುಳಿತ ಕೂದಲಿನ ಗೂಡುಗಳಿಗೆ ಅಷ್ಟು ಜನರ ಕೈ, ಅಷ್ಟು ತೆಂಗಿನ ಹಾಲು! ಆಮೇಲೆ ಏನಾಯಿತೆಂದು ಕೇಳಬೇಡಿ. ಈಗ ರೋಸ್ ಎಂದರೆ ನಾಲ್ಕು ದಿನ ಮುಂಚೆಯೇ ಬಾ ಎನ್ನುತ್ತೇನೆ.

ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ಮೂರು ವರ್ಷ ಯಾವ ತೊಂದರೆಯೂ ಇಲ್ಲದೆ ಬರುತ್ತಿದ್ದ ಬ್ಯಾಂಕ್ ಉದ್ಯೋಗಿಯೊಬ್ಬರು. ಅದೇ ವ್ಯಾಕ್ಸ್, ಅದೇ ಕೈ, ತಿಂಗಳಿಗೊಮ್ಮೆ. ಒಂದು ಸಲ ಎರಡನೆಯ ದಿನ ತುರಿಕೆ ಶುರುವಾಯಿತು, ಮೂರನೆಯ ದಿನ ಫೋಟೊ ಕಳಿಸಿದರು. ಮೊಣಕೈಯಿಂದ ಮಣಿಕಟ್ಟಿನವರೆಗೆ ಕೆಂಪು, ಅಂಚು ಸ್ಕೇಲ್ ಇಟ್ಟು ಎಳೆದಷ್ಟು ನೇರ. ನಾನು ವ್ಯಾಕ್ಸ್ ಎಲ್ಲಿಗೆ ನಿಲ್ಲಿಸಿದ್ದೆನೋ ಕೆಂಪೂ ಅಲ್ಲಿಗೇ ನಿಂತಿತ್ತು. ಬಿಸಿ ಹೆಚ್ಚಾಗಿರಬೇಕೆಂದು ಸಮಾಧಾನ ಮಾಡಿಕೊಂಡು ಮುಂದಿನ ತಿಂಗಳು ‘ಮೃದು’ವಾದ ಚಾಕೊಲೇಟ್ ವ್ಯಾಕ್ಸ್ ಹಚ್ಚಿದೆ. ಮೊದಲಿಗಿಂತ ಜೋರಾಗಿ, ನೀರು ಒಸರುವಷ್ಟು ಬಂತು.

ಆಗ ಡಬ್ಬಗಳನ್ನೆಲ್ಲ ಮೇಜಿನ ಮೇಲಿಟ್ಟು ಕನ್ನಡಕ ಹಾಕಿಕೊಂಡು ಲೇಬಲ್ ಓದಿದೆ. ಜೇನಿನದು, ಚಾಕೊಲೇಟಿನದು, ಲೋಳೆಸರದ್ದು. ಬಣ್ಣ ಬೇರೆ, ಪರಿಮಳ ಬೇರೆ. ಒಳಗೆ ಎಲ್ಲದರಲ್ಲೂ ರೋಸಿನ್, ಕೆಲವದರಲ್ಲಿ ಕೊಲೊಫೋನಿ ಅಥವಾ ಗ್ಲಿಸರಿಲ್ ರೋಸಿನೇಟ್ ಎಂಬ ಹೆಸರಿನಲ್ಲಿ. ಪೈನ್ ಮರದ ಅಂಟಿನಿಂದ ಟರ್ಪೆಂಟೈನ್ ತೆಗೆದ ಮೇಲೆ ಉಳಿಯುವ ಗಟ್ಟಿ ಪದಾರ್ಥ ಅದು. ಪಿಟೀಲಿನ ಕಮಾನಿಗೆ ಉಜ್ಜುವುದೂ ಅದನ್ನೇ, ಗಾಯಕ್ಕೆ ಅಂಟಿಸುವ ಕೆಲವು ಪ್ಲಾಸ್ಟರ್‌ಗಳಲ್ಲಿ ಇರುವುದೂ ಅದೇ. ಪ್ಲಾಸ್ಟರ್ ಎಂದ ಕೂಡಲೇ ಅವರಿಗೆ ನೆನಪಾಯಿತು: ಹಿಂದಿನ ವರ್ಷ ಹಿಮ್ಮಡಿಗೆ ಅಂಟಿಸಿದ್ದಾಗ ಚೌಕಾಕಾರದಲ್ಲಿ ತುರಿಕೆ ಎದ್ದಿತ್ತಂತೆ.

“ಮೂರು ವರ್ಷ ಆಗದ್ದು ಈಗ ಯಾಕೆ?” ಎಂದು ಅವರು ಕೇಳಿದ್ದು ನ್ಯಾಯವೇ. ಆದರೆ ಇಂಥ ಅಲರ್ಜಿ ಹುಟ್ಟಿನಿಂದ ಬರುವುದಲ್ಲ. ಮತ್ತೆ ಮತ್ತೆ ತಾಗಿ ತಾಗಿ ದೇಹ ಒಂದು ದಿನ ಅದನ್ನು ಶತ್ರುವೆಂದು ಗುರುತು ಹಾಕಿಕೊಳ್ಳುತ್ತದೆ, ಆಮೇಲೆ ಮರೆಯುವುದಿಲ್ಲ. ಮಾವಿನ ಸೊನೆ ತಾಗಿ ಮೈ ಎದ್ದವರಿಗೆ ಇದನ್ನು ವಿವರಿಸುವುದು ಸುಲಭ. ಒಂದೇ ಮರದಡಿ ಮಾವು ಕೊಯ್ದ ನಾಲ್ವರಲ್ಲಿ ಒಬ್ಬನಿಗೆ ಮಾತ್ರ ಮಾರನೆಯ ದಿನ ಮುಖ ಊದುತ್ತದೆ, ಅಲ್ಲವೇ?

ವೈದ್ಯರು ಅವರಿಗೆ ಪ್ಯಾಚ್ ಟೆಸ್ಟ್ ಮಾಡಿಸಿದರು. ಬೆನ್ನಿಗೆ ಸಾಲುಸಾಲಾಗಿ ಪಟ್ಟಿ ಅಂಟಿಸಿ 48 ಗಂಟೆ ಬಿಟ್ಟು ತೆಗೆದು ನೋಡುತ್ತಾರೆ, ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಅಷ್ಟೂ ದಿನ ಬೆನ್ನಿಗೆ ನೀರು ತಾಗಬಾರದು, ಬೆವರಬಾರದು. ಮಂಗಳೂರಿನಲ್ಲಿ! “ಬ್ಯಾಂಕಿನ ಏಸಿ ಇಲ್ಲದಿದ್ದರೆ ಸತ್ತೇ ಹೋಗುತ್ತಿದ್ದೆ ಮಾರಾಯ್ತಿ” ಎಂದರು. ಕೊಲೊಫೋನಿಯ ಜಾಗ ಕೆಂಪಾಗಿತ್ತು.

ಅವರಿಗೆಂದೇ ಸಕ್ಕರೆಯ ವ್ಯಾಕ್ಸ್ ಕಾಯಿಸಲು ಕಲಿತೆ. ಎರಡು ಲೋಟ ಸಕ್ಕರೆ, ಕಾಲು ಲೋಟ ನಿಂಬೆರಸ, ಕಾಲು ಲೋಟ ನೀರು, ಬೇರೇನಿಲ್ಲ. ಸಣ್ಣ ಉರಿಯಲ್ಲಿ ಜೇನಿನ ಬಣ್ಣಕ್ಕೆ ಬರಬೇಕು, ತಣ್ಣೀರಿಗೆ ಒಂದು ತೊಟ್ಟು ಹಾಕಿದರೆ ಮೆತ್ತನೆಯ ಉಂಡೆಯಾಗಬೇಕು. ಚಳಿಗಾಲದಲ್ಲಿ ಸಲೀಸು. ಜುಲೈ ಮಳೆಯಲ್ಲಿ ಗಾಳಿಯ ತೇವವನ್ನೆಲ್ಲ ಹೀರಿಕೊಂಡು ಕೈಯಲ್ಲೇ ಕರಗಿ ಜಾರುತ್ತದೆ. ಪಾಕವನ್ನು ಇನ್ನೊಂದು ಹದ ಮುಂದಕ್ಕೆ ಒಯ್ಯಬೇಕು. ಮೊದಲ ಮೂರು ಪಾತ್ರೆ ಹಾಳಾದವು, ಒಂದು ಕಲ್ಲುಸಕ್ಕರೆಯಾಯಿತು. ಈಗ ಹೊಸಬರು ಬಂದರೆ ಮೊಣಕೈಯ ಒಳಭಾಗಕ್ಕೆ ಒಂದಿಷ್ಟು ವ್ಯಾಕ್ಸ್ ಹಚ್ಚಿ ತೆಗೆದು ಮೂರು ದಿನ ಬಿಟ್ಟು ಬರಲು ಹೇಳುತ್ತೇನೆ. ಕೆಲವರು ಅದೇ ಸಿಟ್ಟಿನಲ್ಲಿ ಬೇರೆ ಪಾರ್ಲರಿಗೆ ಹೋಗುತ್ತಾರೆ. ಹೋಗಲಿ.

ಹೋದ ವಾರ ತಾಯಿ, ಮಗಳು ಒಟ್ಟಿಗೆ ಬಂದರು. ತಾಯಿಯ ಹುಬ್ಬನ್ನು ಸಹಾಯಕಿ ಮಾಡುತ್ತಿದ್ದಳು. ಮಗಳಿಗೆ ಮೇಲ್ದುಟಿ ವ್ಯಾಕ್ಸ್ ಆಗಬೇಕಿತ್ತು. ಪುಸ್ತಕ ತೆರೆದು ನನ್ನ ಪ್ರಶ್ನೆ ಕೇಳಿದೆ.

“ಏನೂ ಹಚ್ಚುವುದಿಲ್ಲ ಆಂಟಿ. ಬರೀ ನೀರಿನಲ್ಲಿ ಮುಖ ತೊಳೆಯುತ್ತೇನೆ.”

ಹುಬ್ಬಿನ ಚರ್ಮವನ್ನು ಎರಡು ಬೆರಳಿನಿಂದ ಬಿಗಿಯಾಗಿ ಹಿಡಿದುಕೊಂಡಿದ್ದ ತಾಯಿ ಕಣ್ಣು ತೆರೆಯದೆಯೇ ಹೇಳಿದರು, “ಹಾಗಾದರೆ ಫ್ರಿಜ್ಜಿನ ಬಾಗಿಲಲ್ಲಿ ಮೊಟ್ಟೆಯ ಹಿಂದೆ ಇಟ್ಟಿರುವ ಟ್ಯೂಬ್ ಯಾರದ್ದು?”

ನಾನು ಹೀಟರ್ ಆರಿಸಿ ದಾರದ ಉಂಡೆ ಎತ್ತಿಕೊಂಡೆ.